ಸ್ವಲೀನರ ಆತ್ಮಕಥನಗಳು: ಒಂದು ವಿಮರ್ಶೆ

೧

ಒಂದು ವಸ್ತುವಿಗೆ ಇಟ್ಟ ಹೆಸರು ಅದರ ಪರಿಚಯಕ್ಕೆ ಬಾಗಿಲಾಗುವಂತೆ ಅಗುಳಿಯೂ ಆಗಬಹುದು. ಹೆಸರು ಮೊದಲು ಬಂದು ವಸ್ತುವಿಚಾರವು ಅನಂತರ ಬಂದಲ್ಲಿ, ಹೆಸರಿನ ಅರ್ಥವನ್ನೇ ವಸ್ತುವಿನ ಲಕ್ಷಣವೆಂದು ಭ್ರಮಿಸುವುದು ಪಂಡಿತರಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ಆಟಿಸಂ ಎಂದೂ ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯಲ್ಪಡುವ ಮನೋಧರ್ಮದ ವಿಷಯದಲ್ಲಿ ನಡೆದಿರುವುದು ಇದೇ. ಈ ಧರ್ಮವು ಹುಟ್ಟಿನೊಡನೆ ಬಂದು ಜೀವಮಾನವೆಲ್ಲ ಇರತಕ್ಕದ್ದು. ಇದುಳ್ಳವರು ತಾವೇ ಬರೆದ ಆತ್ಮಕಥನಗಳು ಪ್ರಕಟವಾಗತೊಡಗಿ ಸುಮಾರು ನಾಲ್ಕು ದಶಕಗಳಾದರೂ, ಅವನ್ನು ವೈದ್ಯಶಾಸ್ತ್ರದ ನಿದರ್ಶನಗಳೆಂದು ಓದುವವರು ಬಹುಮಂದಿ, ಗ್ರಂಥಗಳೆಂದು ಓದುವವರು ವಿರಳ. ಅವನ್ನು ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸಿದಲ್ಲಿ ಸ್ವಲೀನತೆಯೆಂಬ ಹೆಸರು ಎಷ್ಟರಮಟ್ಟಿಗೆ ನಿಲ್ಲುವುದೆಂದು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಗೇನ್ ಬ್ಲಾಯ್ಲರ್ ಅವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ಮೂಲಪದವನ್ನು ನಿರ್ಮಿಸಿದರು. ಸ್ಕಿಜೋಫ್ರೇನಿಯವೆಂಬ ಬೇರೊಂದು ಚಿತ್ತವ್ಯಾಧಿಯಲ್ಲಿ ರೋಗಿಯು ಹೊರಜಗತ್ತನ್ನು ತೊರೆದು ಒಳಸರಿಯುವುದನ್ನು ಸೂಚಿಸುವುದು ಅವರ ಉದ್ದೇಶವಾಗಿತ್ತು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೊ ಕ್ಯಾನರ್ ಅವರು ೧೧ ಮಕ್ಕಳ ವೃತ್ತಾಂತಗಳನ್ನು ಪ್ರಕಟಿಸಿದಾಗ ಅದೇ ಪದವನ್ನು ಈ ಮಕ್ಕಳಿಗೆ ಅನ್ವಯಿಸಿದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಅವರ ಪ್ರಬಂಧದಲ್ಲಿಯೂ ಅದೇ ಪದವು ಕಾಣಿಸಿಕೊಂಡಿತು. ಹೀಗೆ ಒಂದು ವ್ಯಾಧಿಯ ಲಕ್ಷಣಕ್ಕೆ ಹುಟ್ಟಿದ ಹೆಸರು ಮತ್ತೊಂದು ಮನೋಧರ್ಮದ ಹಣೆಯ ಮೇಲೆ ಬಂದು ಕುಳಿತಿತು. ಜಪಾನೀ ಭಾಷೆಯಲ್ಲಿ ಇದಕ್ಕಿರುವ ಹೆಸರಿನ ಚಿತ್ರಾಕ್ಷರಗಳನ್ನು ಬಿಡಿಸಿದರೆ ‘ತಾನು’, ‘ಮುಚ್ಚುವಿಕೆ’, ‘ರೋಗ’ ಎಂಬ ಮೂರು ಅರ್ಥಗಳು ದೊರೆಯುವುವು. ಕನ್ನಡದ ಸ್ವಲೀನತೆಯೂ ಅದೇ ಅಚ್ಚಿನದು. ಭಕ್ತಿಸಾಹಿತ್ಯದಲ್ಲಿ ಲೀನವಾಗುವುದು ಸಾಧಕನ ಪರಮಪದ. ಇಲ್ಲಿಯಾದರೋ ಆ ಶಬ್ದವೇ ದೋಷವಾಚಕ. ನ್ಯೂಜಿಲೆಂಡಿನ ಮಾವೊರಿ ಭಾಷೆಗೆ ಕೆರಿ ಒಪಾಯಿ ಅವರು ರಚಿಸಿಕೊಟ್ಟು ೨೦೧೭ರಲ್ಲಿ ಪ್ರಕಟವಾದ ‘ತಕಿವಾತಂಗ’ ಎಂಬ ಪದವೊಂದು ಮಾತ್ರ ಬೇರೆ ದಾರಿ ಹಿಡಿದಿದೆ. ತನ್ನದೇ ಆದ ದೇಶಕಾಲಗಳಲ್ಲಿ ಇರುವಿಕೆಯೆಂಬುದು ಅದರ ತಾತ್ಪರ್ಯ.

ಹೆಸರಿನಲ್ಲಿ ಅಡಗಿರುವ ಪೂರ್ವಪಕ್ಷವನ್ನು ಮೂರು ಮಾತುಗಳಲ್ಲಿ ಸಂಗ್ರಹಿಸಬಹುದು. ಸ್ವಲೀನನು ಜಗತ್ತಿಗೆ ವಿಮುಖನು ಎಂಬುದು ಒಂದು. ಅವನು ತನ್ನಿಂದ ತಾನೇ ತುಂಬಿಕೊಂಡಿರುವನು ಎಂಬುದು ಎರಡನೆಯದು. ಅವನ ಭಾಷೆ ವಾಚ್ಯಾರ್ಥವನ್ನು ದಾಟದು, ಆದಕಾರಣ ಸಂಭಾಷಣೆ ಕೆಟ್ಟಲ್ಲಿ ಕೊರತೆ ಅವನದೇ ಎಂಬುದು ಮೂರನೆಯದು.

೨

ಆತ್ಮಕಥನಗಳು ಹುಟ್ಟುವುದಕ್ಕೆ ಮೊದಲು ಈ ವಿಷಯದ ಬರವಣಿಗೆಯೆಲ್ಲ ಹೊರಗಿನವರದಾಗಿತ್ತು. ೧೯೬೭ರಲ್ಲಿ ಪ್ರಕಟವಾದ ಎರಡು ಪ್ರಸಿದ್ಧ ಗ್ರಂಥಗಳ ಹೆಸರುಗಳನ್ನು ಹೋಲಿಸಿ ನೋಡತಕ್ಕದ್ದು. ಬ್ರೂನೊ ಬೆಟಲ್‌ಹೈಮ್ ಅವರ ಗ್ರಂಥದ ಹೆಸರಿನ ಅರ್ಥ ‘ಬರಿದಾದ ಕೋಟೆ’. ಕ್ಲಾರಾ ಪಾರ್ಕ್ ಎಂಬ ತಾಯಿ ತನ್ನ ಮಗಳನ್ನು ಕುರಿತು ಬರೆದ ಗ್ರಂಥದ ಹೆಸರಿನ ಅರ್ಥ ‘ಮುತ್ತಿಗೆ’. ಮೊದಲನೆಯದು ತಂದೆತಾಯಿಗಳ ಅಪ್ರೀತಿಯೇ ಮಗುವಿನ ಸ್ಥಿತಿಗೆ ಕಾರಣವೆಂದು ಸಾರಿತು. ಈ ಮತಕ್ಕೆ ಬರ್ನಾರ್ಡ್ ರಿಮ್ಲೆಂಡ್ ಅವರು ೧೯೬೪ರಲ್ಲಿಯೇ ಪ್ರಬಲವಾದ ಆಕ್ಷೇಪವನ್ನು ಎತ್ತಿದ್ದರು. ಈಗ ಅದು ತಿರಸ್ಕೃತವಾಗಿದೆ. ಎರಡನೆಯದಾದರೋ ಆ ಅಪವಾದವನ್ನು ಹೊತ್ತ ತಾಯಿಯೊಬ್ಬಳ ಧೀರವಾದ ಉತ್ತರ. ಹೀಗೆ ಪರಸ್ಪರ ವಿರುದ್ಧವಾದ ಈ ಎರಡು ಗ್ರಂಥಗಳೂ ಒಂದೇ ರೂಪಕವನ್ನು ಅವಲಂಬಿಸಿರುವುದು ಗಮನಾರ್ಹ. ಮಗು ಕೋಟೆಯೊಳಗಿದೆ, ಮಿಕ್ಕವರು ಹೊರಗಿದ್ದಾರೆ, ಗೋಡೆಯನ್ನು ಭೇದಿಸಬೇಕು: ಇಷ್ಟರಲ್ಲಿ ಬೆಟಲ್‌ಹೈಮ್ ಅವರಿಗೂ ತಾಯಿಗೂ ಭೇದವಿಲ್ಲ.

ಈ ರೂಪಕದ ಛಾಯೆಯು ಮೊದಲಿನ ಆತ್ಮಕಥನಗಳ ಮೇಲೆಯೂ ಬಿದ್ದಿದೆ. ಟೆಂಪಲ್ ಗ್ರಾಂಡಿನ್ ಅವರು ಮಾರ್ಗರೆಟ್ ಸ್ಕಾರಿಯಾನೊ ಅವರ ಸಹಾಯದಿಂದ ೧೯೮೬ರಲ್ಲಿ ಪ್ರಕಟಿಸಿದ ‘ಎಮರ್ಜೆನ್ಸ್’ ಎಂಬ ಗ್ರಂಥದ ಹೆಸರು ಹೊರಬರುವಿಕೆಯನ್ನು ಹೇಳುವುದು. ಹೊರಬರುವುದಕ್ಕೆ ಒಂದು ಒಳಗು ಇರಲೇಬೇಕಷ್ಟೆ. ಒಂಬತ್ತು ವರ್ಷಗಳ ಅನಂತರ, ೧೯೯೫ರಲ್ಲಿ, ಅದೇ ಲೇಖಕಿಯು ತನ್ನ ಜೀವನವನ್ನು ಮತ್ತೆ ನಿರೂಪಿಸಿದಾಗ ಗ್ರಂಥದ ಹೆಸರು ‘ಚಿತ್ರಗಳಲ್ಲಿ ಯೋಚಿಸುವುದು’ ಎಂಬರ್ಥದ್ದಾಯಿತು. ಬಿಡುಗಡೆಯ ಕಥೆ ಹಿಂದೆ ಸರಿದು ಬುದ್ಧಿಯ ಒಂದು ರೀತಿಯ ವರ್ಣನೆ ಮುಂದೆ ಬಂದಿತು. ಈ ಎರಡು ಗ್ರಂಥಗಳ ನಡುವೆ, ೧೯೯೩ರಲ್ಲಿ, ಜಿಮ್ ಸಿಂಕ್ಲೇರ್ ಅವರು ಟೊರಾಂಟೊ ನಗರದ ಸಮ್ಮೇಳನವೊಂದರಲ್ಲಿ ತಂದೆತಾಯಿಗಳನ್ನು ಸಂಬೋಧಿಸಿ ಮಾಡಿದ ಭಾಷಣದ ಆಧಾರದಿಂದ ಒಂದು ಸಣ್ಣ ಪ್ರಬಂಧ ಪ್ರಕಟವಾಗಿತ್ತು. ಚಿಪ್ಪಿನೊಳಗೆ ಬೇರೊಂದು ‘ಸಹಜ’ ಮಗು ಅಡಗಿಲ್ಲ. ಆ ಧರ್ಮವನ್ನು ಕಳೆದರೆ ಉಳಿಯುವುದು ಬೇರೊಂದು ವ್ಯಕ್ತಿಯೇ ಹೊರತು ಈ ಮಗುವಲ್ಲ. ಹುಟ್ಟದ ಮಗುವಿಗಾಗಿ ಶೋಕಿಸುತ್ತ ಇರುವ ಮಗುವನ್ನು ಮರೆಯಬಾರದು ಎಂಬುದು ಅದರ ಸಾರ. ಕೋಟೆಯ ರೂಪಕವನ್ನು ನೇರವಾಗಿ ನಿರಾಕರಿಸಿದ ಈ ಕೆಲವೇ ಪುಟಗಳು ಈ ವಾಙ್ಮಯದ ಗತಿಯನ್ನೇ ತಿರುಗಿಸಿದುವೆಂದು ಹೇಳಬಹುದು.

೩

ಮೊದಲನೆಯ ಪೂರ್ವಪಕ್ಷವನ್ನು, ಎಂದರೆ ಜಗದ್ವೈಮುಖ್ಯವನ್ನು, ಈಗ ಪರಿಶೀಲಿಸಬಹುದು. ಆಸ್ಟ್ರೇಲಿಯದ ಡೋನಾ ವಿಲಿಯಮ್ಸ್ ಅವರು ೧೯೯೨ರಲ್ಲಿ ಪ್ರಕಟಿಸಿದ ‘ನೋಬಡಿ ನೋವೇರ್’ ಎಂಬ ಆತ್ಮಕಥೆಯ ಆರಂಭದಲ್ಲಿಯೇ ಗಾಳಿಯಲ್ಲಿ ತೇಲುವ ಬಣ್ಣದ ಚುಕ್ಕೆಗಳ ವರ್ಣನೆ ಬರುವುದು. ಮಗುವಿನ ದೃಷ್ಟಿಯೆಲ್ಲ ಆ ಚುಕ್ಕೆಗಳಲ್ಲಿ ನೆಟ್ಟಿದೆ. ಮನುಷ್ಯರು ನಡುವೆ ಬಂದು ಅವನ್ನು ಮರೆಮಾಡುವರು. ಹೊರಗಿನಿಂದ ನೋಡುವವನಿಗೆ ಇದು ಶೂನ್ಯದೃಷ್ಟಿ. ಒಳಗಿನಿಂದ ನೋಡಿದರೆ ದೃಷ್ಟಿಯ ಸಮೃದ್ಧಿ.

ಇದೇ ಸಮೃದ್ಧಿಯ ಮತ್ತೊಂದು ನಿದರ್ಶನವು ತಿತೊ ರಾಜರ್ಷಿ ಮುಖೋಪಾಧ್ಯಾಯ ಅವರ ಬರಹಗಳಲ್ಲಿ ದೊರೆಯುವುದು. ಇವರ ಬಾಲ್ಯವು ಮೈಸೂರು ಬೆಂಗಳೂರುಗಳಲ್ಲಿ ಕಳೆದುದರಿಂದ ಕನ್ನಡನಾಡಿನ ವಿದ್ವಾಂಸರಿಗೆ ಇವರ ವಿಷಯದಲ್ಲಿ ವಿಶೇಷ ಆಸ್ಥೆಯಿರಬೇಕಾದುದು ಉಚಿತ. ಅವರು ಬಾಲ್ಯದಲ್ಲಿ ಬರೆದ ‘ಬಿಯಾಂಡ್ ದ ಸೈಲೆನ್ಸ್’ ೨೦೦೦ದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ೨೦೦೮ರ ಆತ್ಮಕಥನದಲ್ಲಿ, ಹೊಸ ಕೋಣೆಯನ್ನು ಹೊಕ್ಕಾಗ ಒಂದು ಬಾಗಿಲನ್ನು ಬಾಗಿಲೆಂದು ಗುರುತಿಸುವ ಬಗೆಯನ್ನು ಅವರು ವಿವರಿಸಿರುವರು. ಮೊದಲು ಕಾಣುವುದು ಬಣ್ಣ. ಅದು ಹಳದಿಯಾದರೆ ಹಿಂದೆ ಕಂಡ ಹಳದಿ ವಸ್ತುಗಳೆಲ್ಲ, ಏಳನೆಯ ವಯಸ್ಸಿನ ಟೆನಿಸ್ ಚೆಂಡು ಸಹ, ಸಾಲಾಗಿ ಬಂದು ನಿಲ್ಲಬಹುದು. ಅವನ್ನು ದಾಟಿ ಮುಂದುವರಿದರೆ ಆಕಾರ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಳಿಕವೇ ಬಾಗಿಲೆಂಬ ಹೆಸರು. ಬೇರೆಯವರು ನಿಮಿಷಾರ್ಧದಲ್ಲಿ ಹೆಸರನ್ನು ಹಿಡಿದು ವಸ್ತುವನ್ನು ಬಿಟ್ಟುಬಿಡುವಲ್ಲಿ ಈ ಲೇಖಕರು ವಸ್ತುವಿನ ಬಳಿಯಲ್ಲಿಯೇ ನಿಂತಿರುವರು.

ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯನ್ನು ಕುರಿತ ವಿವಾದವು ಪ್ರಸಿದ್ಧವಾದುದು. ದಂಡಿಯು ಅದಕ್ಕೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನಿತ್ತನು. ಕುಂತಕನು ವಸ್ತುಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಲ್ಲವೆಂದು ತಳ್ಳಿಹಾಕಿದನು. ಮೇಲೆ ಹೇಳಿದ ಗ್ರಂಥಗಳನ್ನು ಓದಿದವನಿಗೆ ದಂಡಿಯ ಪಕ್ಷವೇ ಬಲವಾಗಿ ತೋರುವುದು. ವಸ್ತುವನ್ನು ಇದ್ದಂತೆ ಕಾಣುವುದೇ ದುರ್ಲಭವಾಗಿರುವಲ್ಲಿ ಇದ್ದಂತೆ ಹೇಳುವುದು ಸಾಮಾನ್ಯ ಸಿದ್ಧಿಯಲ್ಲ. ಜಗತ್ತಿಗೆ ವಿಮುಖನಾದವನಿಂದ ಸ್ವಭಾವೋಕ್ತಿಯು ಹುಟ್ಟಲಾರದು. ಈ ಲೇಖಕರಿಗೆ ಜಗತ್ತು ಕಡಮೆಯಾಗಿದ್ದುದಲ್ಲ, ಸಹಿಸಲಾರದಷ್ಟು ಹೆಚ್ಚಾಗಿದ್ದಿತು.

೪

ಎರಡನೆಯ ಪೂರ್ವಪಕ್ಷಕ್ಕೆ ವಿಲಿಯಮ್ಸ್ ಅವರ ಗ್ರಂಥದ ಹೆಸರೇ ಉತ್ತರವಾಗಿದೆ. ‘ಯಾರೂ ಅಲ್ಲ, ಎಲ್ಲಿಯೂ ಇಲ್ಲ’ ಎಂಬರ್ಥದ ಆ ಹೆಸರು ‘ಸ್ವ’ ಎಂಬುದನ್ನೇ ನಿಷೇಧಿಸುವುದು. ಕಥನದಲ್ಲಿ ಬಾಲೆಯು ಲೋಕವನ್ನು ಎದುರಿಸುವುದಕ್ಕಾಗಿ ವಿಲ್ಲಿ, ಕ್ಯಾರಲ್ ಎಂಬ ಎರಡು ಪಾತ್ರಗಳನ್ನು ಧರಿಸುವಳು. ವಿಲ್ಲಿಯದು ಸಿಟ್ಟಿನ, ಹಟದ ಮುಖ. ಕ್ಯಾರಲ್ ಎಂಬುದು ಉದ್ಯಾನದಲ್ಲಿ ಒಮ್ಮೆ ಭೇಟಿಯಾದ ಹುಡುಗಿಯ ಹೆಸರು. ಆ ವೇಷದಲ್ಲಿ ಬಾಲೆಯು ನಗುವಳು, ಹರಟುವಳು, ಎಲ್ಲರಿಗೂ ಪ್ರಿಯಳಾಗುವಳು. ಲೋಕವು ಯಾವುದನ್ನು ಸುಧಾರಣೆಯೆಂದು ಮೆಚ್ಚಿತೋ ಅಲ್ಲಿಯೇ ಕರ್ತ್ರಿಯು ತನ್ನನ್ನು ಪೂರ್ತಿಯಾಗಿ ಕಳೆದುಕೊಂಡಿದ್ದಳೆಂಬುದು ಈ ಕಥನದ ಮರ್ಮ. ಗ್ರಂಥವು ದೋಷರಹಿತವಾದುದೇನೂ ಅಲ್ಲ. ಪ್ರಸಂಗಗಳು ಒಂದರ ಮೇಲೊಂದು ಬಿದ್ದು ಕಾಲಕ್ರಮವು ಮಸಕಾಗುವುದು. ಹೇಳಿದ ಮಾತೇ ಹಲವೆಡೆ ಮರುಕಳಿಸುವುದು. ಆದರೂ, ಸಂಭಾಷಣೆಯಲ್ಲಿ ಗೆದ್ದವನು ತಾನಾಗಿಯೇ ಮಾತನಾಡಿದನೆಂದು ನಂಬಬಾರದೆಂಬ ಪಾಠವನ್ನು ಇಷ್ಟು ತೀಕ್ಷ್ಣವಾಗಿ ಕಲಿಸುವ ಆತ್ಮಕಥೆಗಳು ಕೆಲವೇ.

೫

ಮೂರನೆಯ ಪೂರ್ವಪಕ್ಷವು ಭಾಷೆಗೆ ಸಂಬಂಧಿಸಿದ್ದರಿಂದ ಸಾಹಿತ್ಯಾಧ್ಯಾಪಕರಿಗೆ ಅದು ಎಲ್ಲಕ್ಕಿಂತ ಮುಖ್ಯವಾದುದು. ಮಾರ್ಕ್ ಹ್ಯಾಡನ್ ಅವರು ೨೦೦೩ರಲ್ಲಿ ಪ್ರಕಟಿಸಿದ, ನಾಯಿಯ ಕೊಲೆಯ ಪತ್ತೆಯಿಂದ ತೊಡಗುವ ಪ್ರಸಿದ್ಧ ಕಾದಂಬರಿಯ ಬಾಲಕನಾಯಕನು ರೂಪಕವೆಂಬುದು ಸುಳ್ಳೆಂದು ಸಾರುವನು. ಕಾದಂಬರಿಯ ಪಠ್ಯದಲ್ಲಿ ಅವನ ಮನೋಧರ್ಮಕ್ಕೆ ಹೆಸರಿಟ್ಟಿಲ್ಲದಿದ್ದರೂ ಲೋಕವು ಅವನನ್ನು ಸ್ವಲೀನರ ಪ್ರತಿನಿಧಿಯೆಂದು ಸ್ವೀಕರಿಸಿತು. ಕಲ್ಪಿತ ಪಾತ್ರವು ರೂಪಕವನ್ನು ದ್ವೇಷಿಸಿದರೆ ಗ್ರಾಂಡಿನ್ ಅವರ ಜೀವನವು ರೂಪಕದಿಂದಲೇ ನಡೆಯಿತು. ಶಾಲೆಯ ಪ್ರಾರ್ಥನಾಮಂದಿರದಲ್ಲಿ ಸ್ವರ್ಗದ ಬಾಗಿಲನ್ನು ಕುರಿತ ಉಪದೇಶವನ್ನು ಕೇಳಿದ ಹುಡುಗಿ ಅದನ್ನು ವಾಚ್ಯಾರ್ಥದಲ್ಲಿಯೇ ಗ್ರಹಿಸಿ ನಿಜವಾದ ಬಾಗಿಲೊಂದನ್ನು ಹುಡುಕಿದಳು. ಕಟ್ಟಡದ ಮೇಲ್ಭಾಗದಲ್ಲಿ ಚಾವಣಿಗೆ ತೆರೆಯುವ ಸಣ್ಣ ಮರದ ಬಾಗಿಲು ಅವಳಿಗೆ ದೊರೆಯಿತು. ಆಮೇಲೆ ಬಾಳಿನ ಪ್ರತಿಯೊಂದು ಘಟ್ಟವನ್ನೂ ಅವಳು ಬಾಗಿಲಿನ ಮೂಲಕವೇ ಯೋಚಿಸಿದಳು. ಜನರೊಡನೆ ಸ್ನೇಹವೆಂಬುದು ಸರಿಯುವ ಗಾಜಿನ ಬಾಗಿಲು: ಮೆಲ್ಲನೆ ಸರಿಸಬೇಕು, ನೂಕಿದರೆ ಒಡೆಯುವುದು. ವಾಚ್ಯದಲ್ಲಿ ಹೆಜ್ಜೆಯೂರಿ ಲಕ್ಷ್ಯಕ್ಕೆ ಏರಿದ ಬುದ್ಧಿಯನ್ನು ರೂಪಕಹೀನವೆಂದು ಕರೆಯುವುದು ಹೇಗೆ?

ಇದಕ್ಕಿಂತಲೂ ಬಲವಾದ ಸಾಕ್ಷ್ಯವು ಕ್ಯಾನರ್ ಅವರಿಂದಲೇ ಬರುವುದು. ಹೆಸರನ್ನು ಇಟ್ಟ ಆ ವೈದ್ಯರೇ ೧೯೪೬ರಲ್ಲಿ ಈ ಮಕ್ಕಳ ಅಸಂಬದ್ಧವೆನಿಸುವ ಮಾತುಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದು, ಅವುಗಳಲ್ಲಿ ಹಲವು ರೂಪಕಗಳೆಂದು ತೋರಿಸಿದರು. ಒಬ್ಬ ಬಾಲಕನು ಏನನ್ನಾದರೂ ಎಸೆಯಬೇಕೆನ್ನಿಸಿದಾಗಲೆಲ್ಲ, ನಾಯಿಯನ್ನು ಮೊಗಸಾಲೆಯಿಂದ ಎಸೆಯಬೇಡವೆಂಬ ಅರ್ಥದ ಮಾತನ್ನು ಆಡುವನು. ಅಲ್ಲಿ ನಾಯಿಯೂ ಇಲ್ಲ, ಮೊಗಸಾಲೆಯೂ ಇಲ್ಲ. ವಿಚಾರಿಸಿದಾಗ, ಕೆಲವು ವರ್ಷಗಳ ಹಿಂದೆ ವಸತಿಗೃಹವೊಂದರಲ್ಲಿ ಅವನು ಆಟಿಕೆಯ ನಾಯಿಯನ್ನು ಮತ್ತೆ ಮತ್ತೆ ಕೆಳಕ್ಕೆ ಎಸೆಯಲು, ಎತ್ತಿ ತಂದು ಬೇಸತ್ತ ತಾಯಿ ಆ ಮಾತನ್ನು ಆಡಿದ್ದಳೆಂದು ತಿಳಿದುಬಂದಿತು. ಮಮ್ಮಟನು ಲಕ್ಷಣೆಗೆ ಹೇಳಿದ ಅಂಗಗಳನ್ನು ಇಲ್ಲಿಗೆ ಅನ್ವಯಿಸಿ ನೋಡಬಹುದು. ಮುಖ್ಯಾರ್ಥಬಾಧವು ಸ್ಪಷ್ಟ. ಮುಖ್ಯಾರ್ಥದೊಡನೆ ಸಂಬಂಧವೂ ಉಂಟು. ತನ್ನನ್ನು ತಾನೇ ತಡೆದುಕೊಳ್ಳುವುದೆಂಬ ಪ್ರಯೋಜನವೂ ಉಂಟು. ಇಲ್ಲದಿರುವುದು ಒಂದೇ: ಆ ಸಂಬಂಧವು ಕೇಳುವವನಿಗೆ ತಿಳಿಯದು. ಎಂದರೆ ಕೊರತೆಯು ಉಕ್ತಿಯಲ್ಲಿಲ್ಲ, ಪ್ರಕರಣಜ್ಞಾನದಲ್ಲಿದೆ. ಪ್ರಕರಣವನ್ನರಿಯದೆ ಪ್ರಾಚೀನ ಪದ್ಯವೊಂದನ್ನು ಅಸಂಬದ್ಧವೆಂದು ತಳ್ಳಿಹಾಕುವವನನ್ನು ಯಾವ ಅಧ್ಯಾಪಕನೂ ವಿದ್ವಾಂಸನೆಂದು ಒಪ್ಪಲಾರನು.

೬

ಇಲ್ಲಿಗೆ ಕರ್ತೃತ್ವದ ಪ್ರಶ್ನೆಯನ್ನು ಎತ್ತದೆ ಮುಂದುವರಿಯುವುದು ವಿಮರ್ಶಾಧರ್ಮವಲ್ಲ. ಮುಖೋಪಾಧ್ಯಾಯ ಅವರು ಮಾತಿನಲ್ಲಿ ಸರಾಗವಾಗಿ ವ್ಯವಹರಿಸಲಾರದವರು. ತಾಯಿ ಸೋಮಾ ಮುಖೋಪಾಧ್ಯಾಯ ಅವರು ಅಕ್ಷರಫಲಕವನ್ನು ತೋರಿಸಿಯೂ, ಮಗನ ಕೈಗೆ ಪೆನ್ಸಿಲನ್ನು ಕಟ್ಟಿಯೂ ಬರವಣಿಗೆಯನ್ನು ಕಲಿಸಿದರು. ಜಪಾನಿನ ನಾವೊಕಿ ಹಿಗಾಶಿದಾ ಅವರು ತಮ್ಮ ೧೩ನೆಯ ವಯಸ್ಸಿನಲ್ಲಿ ಅಕ್ಷರಫಲಕದ ನೆರವಿನಿಂದ ರಚಿಸಿದರೆನ್ನಲಾದ ಗ್ರಂಥವು ೨೦೦೭ರಲ್ಲಿಯೂ, ಅದರ ಇಂಗ್ಲಿಷ್ ಭಾಷಾಂತರವು ೨೦೧೩ರಲ್ಲಿಯೂ ಪ್ರಕಟವಾದುವು. ಇಂಥ ಪದ್ಧತಿಗಳ ವಿಷಯದಲ್ಲಿ ಗಂಭೀರವಾದ ಆಕ್ಷೇಪಗಳುಂಟು. ಬರೆಯುವವನ ಕೈಯನ್ನು ಹಿಡಿದು ನೆರವಾಗುವ ಒಂದು ಪದ್ಧತಿಯನ್ನು ೧೯೯೦ರ ದಶಕದಲ್ಲಿ ಪರೀಕ್ಷಿಸಿದಾಗ ಉತ್ತರಗಳು ನೆರವಿನವರಿಂದಲೇ ಹುಟ್ಟುತ್ತಿದ್ದುವೆಂದು ಸಿದ್ಧವಾಯಿತು. ಸೋಮಾ ಮುಖೋಪಾಧ್ಯಾಯ ಅವರ ಪದ್ಧತಿಯು ಅದಕ್ಕಿಂತ ಭಿನ್ನವಾದುದೇ. ಆದರೂ ಪ್ರಮಾಣವು ಸಾಲದೆಂಬ ಕಾರಣದಿಂದ ಅಮೆರಿಕದ ವಾಕ್ಚಿಕಿತ್ಸಕರ ಸಂಘವು ೨೦೧೮ರಲ್ಲಿ ಅದನ್ನು ಬಳಸಬಾರದೆಂದು ಸೂಚಿಸಿತು.

ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಬಲ್ಲ ಕನ್ನಡ ಪಂಡಿತರಿಗೆ ಒಂದು ಗ್ರಂಥದ ಹಿಂದೆ ಇಬ್ಬರ ಕೈಯಿರಬಹುದೆಂಬ ಶಂಕೆಯು ಹೊಸದಲ್ಲ. ಆದರೆ ಅಲ್ಲಿ ತಪ್ಪಿದರೆ ಕೆಡುವುದು ಚರಿತ್ರೆಯ ಒಂದು ಪುಟ. ಇಲ್ಲಿ ತಪ್ಪಿದರೆ ಜೀವಂತ ವ್ಯಕ್ತಿಗೆ ಅನ್ಯಾಯವಾಗುವುದು. ಪರರ ಮಾತನ್ನು ಅವನದೆಂದು ಒಪ್ಪಿದರೆ ಅವನ ಬಾಯಿಗೆ ಮಾತನ್ನು ತುರುಕಿದಂತೆ; ಅವನ ಮಾತನ್ನೇ ಪರರದೆಂದು ತಳ್ಳಿದರೆ ಅವನ ಬಾಯನ್ನೇ ಕಿತ್ತುಕೊಂಡಂತೆ. ಆದಕಾರಣ ಸಿದ್ಧಾಂತದ ಭಾರವನ್ನು ಕರ್ತೃತ್ವವು ನಿಸ್ಸಂದೇಹವಾದ ಗ್ರಂಥಗಳ ಮೇಲೆಯೇ, ಎಂದರೆ ಗ್ರಾಂಡಿನ್, ವಿಲಿಯಮ್ಸ್, ಸಿಂಕ್ಲೇರ್ ಅವರ ಬರಹಗಳ ಮೇಲೆಯೇ, ಹೊರಿಸುವುದು ಯುಕ್ತ. ಇತರ ಗ್ರಂಥಗಳನ್ನು ಪೋಷಕಸಾಕ್ಷ್ಯವೆಂದು ಮಾತ್ರ ಗ್ರಹಿಸಬೇಕು. ಹಾಗೆ ಮಾಡಿದರೂ ಮೇಲಿನ ವಾದಕ್ಕೆ ಹಾನಿಯಿಲ್ಲ. ಬಾಗಿಲನ್ನು ಕುರಿತ ವರ್ಣನೆಯನ್ನು ಬದಿಗಿಟ್ಟರೂ ಬಣ್ಣದ ಚುಕ್ಕೆಗಳು ಉಳಿದೇ ಇವೆ.

ಕರ್ತೃತ್ವಕ್ಕಿಂತ ಬೇರೆಯಾದ ಮತ್ತೊಂದು ದೋಷವೂ ಈ ವಾಙ್ಮಯದಲ್ಲಿ ಕಂಡುಬರುವುದು. ಹಿಗಾಶಿದಾ ಅವರ ಗ್ರಂಥವು ೫೮ ಪ್ರಶ್ನೋತ್ತರಗಳ ರೂಪದಲ್ಲಿದೆ. ಪ್ರಶ್ನೆಗಳು ಲೋಕದವು, ಉತ್ತರಗಳು ಪದೇ ಪದೇ ‘ನಾವು’ ಎಂದು ಎಲ್ಲ ಸ್ವಲೀನರ ಪರವಾಗಿ ನುಡಿಯುವುವು. ಗ್ರಾಂಡಿನ್ ಅವರೂ ಮೊದಲು ತಮ್ಮಂತೆ ಎಲ್ಲ ಸ್ವಲೀನರೂ ಚಿತ್ರಗಳಲ್ಲಿಯೇ ಯೋಚಿಸುವರೆಂದು ಭಾವಿಸಿದ್ದು, ಅನಂತರ ಆ ಅಭಿಪ್ರಾಯವನ್ನು ತಿದ್ದಿಕೊಂಡರು. ಒಬ್ಬನ ಆತ್ಮಕಥೆಯು ಒಂದು ಕುಲದ ಲಕ್ಷಣಗ್ರಂಥವಾಗಲಾರದು. ಯಾವ ಗ್ರಂಥವನ್ನೂ ಬರೆಯದ, ಬರೆಯಲಾರದ ಸ್ವಲೀನರೇ ಬಹುಸಂಖ್ಯಾತರೆಂಬುದನ್ನು ವಿಮರ್ಶಕನು ಮರೆಯತಕ್ಕದ್ದಲ್ಲ.

೭

ಕೊನೆಗೆ ಸಂಭಾಷಣೆಯ ಕೊರತೆ ಯಾರದೆಂಬ ಪ್ರಶ್ನೆಯು ಉಳಿಯುವುದು. ೧೯೮೫ರಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮೊದಲಾದ ಮೂವರು ವಿದ್ವಾಂಸರು ಗೊಂಬೆಗಳ ಆಟದ ಮೂಲಕ ಒಂದು ಪರೀಕ್ಷೆಯನ್ನು ನಡೆಸಿದರು. ೨೦ ಸ್ವಲೀನ ಮಕ್ಕಳಲ್ಲಿ ೧೬ ಮಕ್ಕಳು ಇನ್ನೊಬ್ಬನ ತಪ್ಪುತಿಳಿವಳಿಕೆಯನ್ನು ಊಹಿಸಲಾರದೆ ಹೋದುದರಿಂದ, ಪರರ ಮನಸ್ಸನ್ನು ಅರಿಯುವ ಶಕ್ತಿಯೇ ಇವರಲ್ಲಿ ಕುಂಠಿತವೆಂಬ ಮತವು ಹಬ್ಬಿತು. ಸ್ವತಃ ಸ್ವಲೀನರಾದ ಡೇಮಿಯನ್ ಮಿಲ್ಟನ್ ಅವರು ೨೦೧೨ರಲ್ಲಿ ಇದಕ್ಕೆ ಪ್ರತ್ಯುತ್ತರವನ್ನಿತ್ತು, ಅರಿವಿನ ಕೊರತೆಯು ಇಬ್ಬಗೆಯದು, ಇತರರೂ ಸ್ವಲೀನರ ಮನಸ್ಸನ್ನು ಅರಿಯರು ಎಂದು ವಾದಿಸಿದರು. ೨೦೨೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ೮ ಜನರ ಸಾಲಿನಲ್ಲಿ ಸಾಗಿಸಲಾಯಿತು. ಸ್ವಲೀನರೇ ಇದ್ದ ಸಾಲುಗಳು ಇತರರ ಸಾಲುಗಳಿಗೆ ಸಮನಾಗಿ ಕಥೆಯನ್ನು ಉಳಿಸಿಕೊಂಡುವು. ಇಬ್ಬರೂ ಬೆರೆತ ಸಾಲುಗಳಲ್ಲಿ ಮಾತ್ರ ಹೆಚ್ಚು ನಷ್ಟವಾಯಿತು. ಅನಂತರದ ವಿಸ್ತಾರವಾದ ಪರೀಕ್ಷೆಯಲ್ಲಿ ಬೆರೆತ ಸಾಲುಗಳ ಈ ನಷ್ಟವು ಮತ್ತೆ ಕಾಣಿಸಲಿಲ್ಲವಾದುದರಿಂದ ಮಿಲ್ಟನ್ ಅವರ ವಾದವು ಪೂರ್ಣವಾಗಿ ಸಿದ್ಧವಾಯಿತೆನ್ನುವಂತಿಲ್ಲ. ಆದರೆ ಸ್ವಲೀನರ ಸಾಲು ಕೀಳಲ್ಲವೆಂಬುದರಲ್ಲಿ ಎರಡು ಪರೀಕ್ಷೆಗಳಿಗೂ ಐಕಮತ್ಯವಿದೆ.

ಈ ವಿಚಾರವು ಭಾರತೀಯ ಕಾವ್ಯಮೀಮಾಂಸೆಗೆ ಅಪರಿಚಿತವಾದುದಲ್ಲ. ಕಾವ್ಯವು ಫಲಿಸದಿದ್ದಲ್ಲಿ ಕವಿಯೊಬ್ಬನನ್ನೇ ದೂಷಿಸುವುದು ಈ ದೇಶದ ಆಲಂಕಾರಿಕರ ಪದ್ಧತಿಯಾಗಿರಲಿಲ್ಲ. ಸತತವಾದ ಪರಿಶೀಲನೆಯಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸಿನಲ್ಲಿ ವರ್ಣ್ಯವಸ್ತುವಿನೊಡನೆ ಒಂದಾಗುವ ಯೋಗ್ಯತೆಯುಳ್ಳವನೇ ಸಹೃದಯನೆಂದು ಅಭಿನವಗುಪ್ತನು ಹೇಳಿದನು. ಆ ಯೋಗ್ಯತೆಯು ಅಭ್ಯಾಸದಿಂದ ಬರತಕ್ಕದ್ದು. ಹುಟ್ಟಿನಿಂದ ತಾನಾಗಿ ಬರತಕ್ಕದ್ದಲ್ಲ. ಗ್ರಾಂಡಿನ್ ವಿಲಿಯಮ್ಸ್ ಮೊದಲಾದವರು ಲೋಕದ ಭಾಷೆಯನ್ನು ಪರಭಾಷೆಯಂತೆ ಶ್ರಮಿಸಿ ಕಲಿತರೆಂಬುದಕ್ಕೆ ಅವರ ಗ್ರಂಥಗಳ ಪುಟಪುಟವೂ ಸಾಕ್ಷಿ. ಓದುಗನು ತನ್ನ ಪಾಲಿನ ಶ್ರಮವನ್ನು ಎಷ್ಟು ಮಾಡಿದನೆಂಬುದನ್ನು ಮಾತ್ರ ಇದುವರೆಗೆ ಯಾರೂ ಕೇಳಿದಂತಿಲ್ಲ.

ಸ್ವಲೀನತೆ ಎಂಬ ಪದವು ರೂಢಿಯಾಗಿಹೋಗಿರುವುದರಿಂದ ಅದನ್ನು ಬಿಡುವುದು ಸುಲಭವಲ್ಲ; ಬಳಸುವವರು ಅದನ್ನು ರೂಢಿಶಬ್ದವೆಂದು ಬಳಸಲಿ, ಅವಯವಾರ್ಥವನ್ನು ಲಕ್ಷಣವೆಂದು ನಂಬದಿರಲಿ. ಇದರ ಫಲವು ಗ್ರಂಥಾಲಯದಲ್ಲಿ ಮಾತ್ರ ಉಳಿಯತಕ್ಕದ್ದಲ್ಲ. ತರಗತಿಯಲ್ಲಿ ಇಂಥ ವಿದ್ಯಾರ್ಥಿಯೊಬ್ಬನು ಪಾಠಕ್ಕೆ ಸಂಬಂಧಿಸದಂತೆ ತೋರುವ ಮಾತೊಂದನ್ನು ಆಡಿದಾಗ, ಅದನ್ನು ಅಸಂಬದ್ಧವೆಂದು ನಿರ್ಣಯಿಸುವುದಕ್ಕೆ ಮೊದಲು ಅದರ ಪ್ರಕರಣವೇನೆಂದು ಅವನನ್ನಾಗಲಿ ಅವನ ತಾಯಿಯನ್ನಾಗಲಿ ಕೇಳುವುದು ಅಧ್ಯಾಪಕನ ಕರ್ತವ್ಯ. ಆಟಿಕೆಯ ನಾಯಿಯ ವಿಷಯದಲ್ಲಿ ವಿಚಾರಣೆ ನಡೆದುದರಿಂದಲೇ ಆ ಬಾಲಕನ ಮಾತಿಗೆ ಅರ್ಥವು ದೊರೆಯಿತು.